ಚಳಿಗಾಲಕ್ಕೆ ಬೆಚ್ಚಗಿನ ದೇಶಕ್ಕೆ ಹೋಗಿ ಇರೋದು, ಅದೂ ಒಬ್ಬಳೇ: ಯಾರಾದರೂ ಮಾಡ್ತಿದ್ದೀರಾ?

ಬಿಸಿಲುಕೋಲು
ಎಲ್ಲರಿಗೂ ನಮಸ್ಕಾರ. ನನಗೀಗ 67. ನಿವೃತ್ತಿಯಾಗಿದೆ, ಒಬ್ಬಳೇ ಇದ್ದೇನೆ. ನಾನಿರುವ ಕಡೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಹಿಮ, ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಚಳಿಯನ್ನಾದರೂ ತಡೆದುಕೊಳ್ಳಬಹುದು. ಹೆಪ್ಪುಗಟ್ಟಿದ ಫುಟ್‌ಪಾತ್ ಮೇಲೆ ಕಾಲಿಡೋಕೆ ಮಾತ್ರ ಹೆದರಿಕೆ. ಹಾಗಾಗಿ ವಾರಗಟ್ಟಲೆ ಮನೆಯಿಂದ ಆಚೆ ಹೋಗುವುದೇ ಇಲ್ಲ.

ಈ ಸಲ ಡಿಸೆಂಬರ್ 1ರಿಂದ ಮಾರ್ಚ್ ಕೊನೆಯವರೆಗೆ ಎಲ್ಲಾದರೂ ಬೆಚ್ಚಗಿರುವ ದೇಶದಲ್ಲಿ ಇದ್ದುಬಿಡೋಣ ಅನ್ನಿಸಿದೆ. ಊರೂರು ಸುತ್ತುವುದಲ್ಲ. ಒಂದು ಕಡೆ ಮನೆ ಹಿಡಿದು, ಅಡುಗೆ ಮಾಡಿಕೊಂಡು, ಬೆಳಿಗ್ಗೆ ವಾಕಿಂಗ್ ಹೋಗಿಕೊಂಡು ಇರೋದು. ಗಂಡ ಹೆಂಡತಿ ಜೋಡಿಯಾಗಿ ಹೋದವರು ಬರೆದದ್ದು ಬೇಕಾದಷ್ಟು ಸಿಗುತ್ತೆ. ಒಂಟಿಯಾಗಿ ಹೋಗುವವರು ಇದ್ದೀರಾ? ಎಲ್ಲಿಗೆ ಹೋಗ್ತೀರಿ? ಹುಷಾರು ತಪ್ಪಿದರೆ ಏನು ಮಾಡ್ತೀರಿ? ನನಗೆ ಬಿಪಿ ಇದೆ, ಮಾತ್ರೆ ತಗೊಳ್ತೀನಿ. ಬೇರೇನೂ ತೊಂದರೆ ಇಲ್ಲ. ನನ್ನ ಪಾಸ್‌ಪೋರ್ಟ್‌ಗೆ ಯುರೋಪಿನಲ್ಲಿ ವೀಸಾ ಬೇಡ.

ಗೊಣಗಪ್ಪ
ಒಳ್ಳೆ ಹೀಟರ್ ಒಂದು, ಬೂಟಿನ ಅಡಿಗೆ ಹಾಕುವ ಮೊಳೆಪಟ್ಟಿ ಒಂದು ತಗೊಳ್ಳಿ. ಎರಡೂ ಸೇರಿದರೂ ವಿಮಾನದ ಟಿಕೆಟ್ಟಿಗಿಂತ ಅಗ್ಗ. ಈ ವಯಸ್ಸಿನಲ್ಲಿ ಗೊತ್ತಿಲ್ಲದ ದೇಶಕ್ಕೆ ಹೋಗಿ ಒದ್ದಾಡೋದು ಯಾಕೆ?

ಸೂಟ್‌ಕೇಸ್ ಸುಂದರಿ
ಶುರುವಾಯ್ತು ನೋಡಿ. ಪ್ರಶ್ನೆ ಕೇಳಿದ್ದು "ಹೇಗೆ" ಅಂತ, "ಯಾಕೆ" ಅಂತಲ್ಲ.

ಅಲೆಮಾರಿ ಅಜ್ಜ
ನಾನು ಹೋಗ್ತೀನಿ. ಮನೆಯಾಕೆ ತೀರಿಕೊಂಡ ಮೇಲೆ ಶುರುವಾದ ಅಭ್ಯಾಸ. ಅಟ್ಲಾಂಟಿಕ್ ಸಮುದ್ರದ ಕ್ಯಾನರಿ ದ್ವೀಪಗಳು. ಗ್ರಾನ್ ಕನಾರಿಯಾ ಇಲ್ಲವೇ ಟೆನೆರಿಫೆ. ಜನವರಿಯಲ್ಲೂ ಕಡಲತೀರದಲ್ಲಿ ಹಗಲು 20 ಡಿಗ್ರಿ ಆಸುಪಾಸು, ರಾತ್ರಿ 15ರ ಹತ್ತಿರ. ಮೈ ಸುಡುವುದಿಲ್ಲ, ನಡುಗುವುದೂ ಇಲ್ಲ.

ಒಂದು ವಿಷಯ ಗೊತ್ತಿರಲಿ. ಟೆನೆರಿಫೆ ಅಂದ ಮಾತ್ರಕ್ಕೆ ಎಲ್ಲ ಕಡೆ ಒಂದೇ ಹವೆ ಅಲ್ಲ. ನಡುವೆ ತೇಯ್ದೆ ಅಂತ ಬೆಟ್ಟ, 3700 ಮೀಟರಿಗೂ ಎತ್ತರ. ಈಶಾನ್ಯದ ಗಾಳಿ ಹೊತ್ತು ತರುವ ಮೋಡ ಉತ್ತರದ ಮಗ್ಗುಲಲ್ಲೇ ನಿಂತುಬಿಡುತ್ತೆ. ಅದಕ್ಕೇ ಉತ್ತರ ಹಸಿರು, ಮೋಡ, ಆಗಾಗ ಮಳೆ. ದಕ್ಷಿಣ ಒಣ, ಬಿಸಿಲು ಜಾಸ್ತಿ. ಫೋಟೋದಲ್ಲಿ ಉತ್ತರ ಚೆಂದ ಕಾಣುತ್ತೆ ಅಂತ ಅಲ್ಲಿ ಮನೆ ಹಿಡಿದು, ಆಮೇಲೆ ಬಿಸಿಲು ಹುಡುಕಿಕೊಂಡು ದಿನಾ ಬಸ್ ಹತ್ತುವವರನ್ನು ನೋಡಿದ್ದೇನೆ. ಒಮ್ಮೊಮ್ಮೆ ಸಹಾರಾದಿಂದ ಧೂಳು ಬರುತ್ತೆ, ಅಲ್ಲಿ ಕಲೀಮಾ ಅಂತಾರೆ. ಎರಡು ಮೂರು ದಿನ ಆಕಾಶವೆಲ್ಲ ಕಂದು. ಆಸ್ತಮಾ ಇರುವವರು ಕಿಟಕಿ ಹಾಕಿಕೊಂಡು ಒಳಗೇ ಇರಬೇಕು.

ಸೂಟ್‌ಕೇಸ್ ಸುಂದರಿ
ಅಜ್ಜ ಹೇಳಿದ್ದು ಸರಿ. ನಾನು ಪೋರ್ಚುಗಲ್‌ನ ಅಲ್ಗಾರ್ವೆಯಲ್ಲೂ ಇದ್ದೆ, ಕ್ಯಾನರಿಯಲ್ಲೂ ಇದ್ದೆ. ಅಲ್ಗಾರ್ವೆಯಲ್ಲಿ ಚಳಿಗಾಲದ ಮಧ್ಯಾಹ್ನ 16, 17 ಡಿಗ್ರಿ, ಚೆನ್ನಾಗಿರುತ್ತೆ. ಫಜೀತಿ ಇರೋದು ಮನೆಯೊಳಗೆ. ಅಲ್ಲಿನ ಎಷ್ಟೋ ಮನೆ ಕಟ್ಟಿರುವುದು ಬೇಸಿಗೆಯ ಸೆಕೆ ತಡೆಯೋಕೆ. ನೆಲಕ್ಕೆ ಟೈಲ್ಸ್, ಹೀಟಿಂಗ್ ಇಲ್ಲ, ಗೋಡೆಯ ಮೂಲೆಯಲ್ಲಿ ಕಪ್ಪು ಬೂಷ್ಟು. ರಾತ್ರಿ ಕೋಟು, ಎರಡು ಜೊತೆ ಸಾಕ್ಸ್ ಹಾಕಿಕೊಂಡು ಟಿವಿ ನೋಡ್ತಿದ್ದೆ. ಒಗೆದು ಹಾಕಿದ ಟವೆಲ್ ಮೂರನೇ ದಿನಕ್ಕೂ ತಣ್ಣಗೆ, ಹಸಿಹಸಿ. ಅಲ್ಲಿಗೆ ಹೋಗೋದಾದರೆ ಮನೆ ಮಾಲೀಕರಿಗೆ ಕೇಳುವ ಮೊದಲ ಪ್ರಶ್ನೆ ಹೀಟಿಂಗ್ ಇದೆಯಾ, ಕರೆಂಟ್ ಬಿಲ್ ಬಾಡಿಗೆಯಲ್ಲೇ ಸೇರಿದೆಯಾ ಅಂತ.

ಲೆಕ್ಕದ ಮೇಷ್ಟ್ರು
ಹವೆ ಆಮೇಲೆ ನೋಡೋಣ, ಮೊದಲು ದಿನ ಎಣಿಸಿ. ಡಿಸೆಂಬರ್ 1ರಿಂದ ಮಾರ್ಚ್ 31 ಅಂದರೆ 121 ದಿನ. ಷೆಂಗೆನ್ ದೇಶಗಳಲ್ಲಿ, ಅಂದರೆ ಒಳಗಡಿ ತಪಾಸಣೆ ಬಿಟ್ಟು ಒಂದೇ ಕೂಟವಾಗಿರುವ ಯುರೋಪಿನ ದೇಶಗಳಲ್ಲಿ, ವೀಸಾ ಇಲ್ಲದೆ ಇರಬಹುದಾದದ್ದು ಯಾವುದೇ 180 ದಿನಗಳಲ್ಲಿ 90 ಮಾತ್ರ. ಇಳಿದ ದಿನವೂ ಲೆಕ್ಕಕ್ಕೆ, ಹೊರಟ ದಿನವೂ ಲೆಕ್ಕಕ್ಕೆ. ಸ್ಪೇನ್‌ನಲ್ಲಿ 60, ಪೋರ್ಚುಗಲ್‌ನಲ್ಲಿ 60 ಅಂತ ಹಂಚಿಕೊಂಡರೆ ನಡೆಯಲ್ಲ, ಎಲ್ಲ ಸೇರಿ 90.

ಮೊದಲೆಲ್ಲ ಸೀಲು ಮಸುಕಾಗಿದ್ದರೆ ಯಾರೂ ಕೇಳ್ತಿರಲಿಲ್ಲ. 2025ರ ಅಕ್ಟೋಬರ್ 12ರಿಂದ ಹೊಸ ವ್ಯವಸ್ಥೆ ಶುರುವಾಗಿದೆ. ಬೆರಳಚ್ಚು, ಮುಖದ ಫೋಟೋ ತಗೊಂಡು ಬಂದದ್ದು ಹೋದದ್ದನ್ನು ಕಂಪ್ಯೂಟರೇ ಬರೆದಿಡುತ್ತೆ. ಒಂದು ದಿನ ಹೆಚ್ಚಾದರೂ ಗೊತ್ತಾಗುತ್ತೆ.

ಬಿಸಿಲುಕೋಲು
ಅಯ್ಯೋ, ಕ್ಯಾನರಿ ಆಫ್ರಿಕಾದ ಪಕ್ಕದಲ್ಲಿದೆಯಲ್ಲ ಸರ್, ಅದಕ್ಕೂ ಈ ನಿಯಮವಾ?

ಲೆಕ್ಕದ ಮೇಷ್ಟ್ರು
ಹೌದು ಮೇಡಂ. ಮೊರಾಕೊದ ತೀರದಿಂದ ಸುಮಾರು ನೂರು ಕಿಲೋಮೀಟರ್ ಅಷ್ಟೇ ಇರಬಹುದು. ಆದರೆ ಅದು ಸ್ಪೇನ್, ಷೆಂಗೆನ್ ಒಳಗೇ ಬರುತ್ತೆ. ನಾಲ್ಕು ತಿಂಗಳೂ ಆಚೆ ಇರಲೇಬೇಕು ಅಂದರೆ 90ರ ಒಳಗೆ ಅಲ್ಲಿ, ಮಿಕ್ಕದ್ದು ಮೊರಾಕೊದಲ್ಲೋ ಸೈಪ್ರಸ್‌ನಲ್ಲೋ ಕಳೆಯಬಹುದು. ಸೈಪ್ರಸ್ ಯುರೋಪಿಯನ್ ಒಕ್ಕೂಟದಲ್ಲಿದ್ದರೂ ತನ್ನ ದಿನ ತಾನೇ ಎಣಿಸುತ್ತಾ ಬಂದಿದೆ. ಆದರೆ ಅದೂ ಷೆಂಗೆನ್ ಸೇರುವ ತಯಾರಿಯಲ್ಲಿದೆ. ಟಿಕೆಟ್ ಮಾಡುವ ಮುಂಚೆ ನೋಡಿಕೊಳ್ಳಿ.

ಗೊಣಗಪ್ಪ
ಸೈಪ್ರಸ್‌ನಲ್ಲಿ ಮಳೆ ಬರೋದೇ ಡಿಸೆಂಬರ್, ಜನವರಿಯಲ್ಲಿ. ಇಷ್ಟು ದೂರ ಹೋಗಿ ಕೊಡೆ ಹಿಡ್ಕೊಂಡು ನಿಲ್ಲೋದು.

ಪೆನಾಂಗ್ ಪ್ರೇಮಿ
ಎಲ್ಲರೂ ಯುರೋಪ್ ಹಿಡಿದು ಕೂತಿದ್ದೀರಲ್ಲ. 20 ಡಿಗ್ರಿ ಬೆಚ್ಚಗಾ? ನಾನು ಮಲೇಷಿಯಾದ ಪೆನಾಂಗ್‌ಗೆ ಹೋಗ್ತೀನಿ. ಹಗಲು 31, 32. ಬಹಳಷ್ಟು ಪಾಸ್‌ಪೋರ್ಟ್‌ಗೆ 90 ದಿನ ವೀಸಾ ಇಲ್ಲದೆ ಬಿಡ್ತಾರೆ. ಇಂಗ್ಲಿಷ್ ನಡೆಯುತ್ತೆ. ಒಳ್ಳೆ ಆಸ್ಪತ್ರೆಗಳಿವೆ, ಬೇರೆ ದೇಶದವರು ಚಿಕಿತ್ಸೆಗೆ ಅಂತಲೇ ಬರ್ತಾರೆ.

ಆ ಕಡೆ ಹೋಗುವವರು ಯಾವ ತೀರ ಅಂತ ನೋಡಬೇಕು. ಮಲೇಷಿಯಾದ ಪೂರ್ವ ತೀರದಲ್ಲಿ ನವೆಂಬರ್‌ನಿಂದ ಮಳೆಗಾಲ, ಪಶ್ಚಿಮದಲ್ಲಿರುವ ಪೆನಾಂಗ್‌ನಲ್ಲಿ ಅದೇ ಹೊತ್ತಿಗೆ ಆರಾಮ. ಥಾಯ್ಲೆಂಡ್‌ನಲ್ಲೂ ಹಾಗೇ. ಡಿಸೆಂಬರ್‌ನಲ್ಲಿ ಫುಕೆಟ್ ಒಣಗಿರುತ್ತೆ, ಕೋಹ್ ಸಮುಯಿ ಇನ್ನೂ ತೊಯ್ದಿರುತ್ತೆ. ಚಿಯಾಂಗ್ ಮಾಯ್ ಚೆಂದದ ಊರು, ಆದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಗದ್ದೆ, ಕಾಡು ಸುಡುವ ಹೊಗೆ. ಹತ್ತಿರದ ಬೆಟ್ಟವೇ ಕಾಣಲ್ಲ. ನಿಮ್ಮ ತಿಂಗಳುಗಳಿಗೆ ಅದು ಬೇಡ.

ಹಳೇ ಬ್ಯಾಕ್‌ಪ್ಯಾಕ್
ಥಾಯ್ಲೆಂಡ್‌ನ ನಿವೃತ್ತರ ವೀಸಾ ಬಗ್ಗೆ ಒಂದು ಮಾತು. 50 ದಾಟಿರಬೇಕು. ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಅಥವಾ ತಿಂಗಳಿಗೆ 65 ಸಾವಿರ ಬಾತ್ ಆದಾಯ ತೋರಿಸಬೇಕು. ಒಳಗಿದ್ದಾಗ 90 ದಿನಕ್ಕೊಮ್ಮೆ ವಿಳಾಸ ವರದಿ ಕೊಡಬೇಕು. ಮೂರು ತಿಂಗಳ ಚಳಿಗಾಲಕ್ಕೆ ಇಷ್ಟು ತಲೆನೋವು ಯಾರಿಗೂ ಬೇಡ. ಅಲ್ಲೇ ನೆಲೆಸುವವರಿಗೆ ಸರಿ.

ನಿವೃತ್ತ ನರ್ಸ್
ಬಿಸಿಲುಕೋಲು ಅಕ್ಕ, ನೀವು ಕೇಳಿದ ಮುಖ್ಯ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಎಲ್ಲರೂ ಒಳ್ಳೆ ದಿನದ ಲೆಕ್ಕ ಹೇಳ್ತಿದ್ದಾರೆ. ಒಂಟಿಯಾಗಿ ಹೋಗುವವರು ಊರು ಆರಿಸಬೇಕಾದ್ದು ಕೆಟ್ಟ ದಿನ ನೋಡಿ. ಜ್ವರ ಬಂದು ಎದ್ದೇಳೋಕೆ ಆಗದ ದಿನ, ಬಾತ್‌ರೂಮಿನಲ್ಲಿ ಕಾಲು ಜಾರಿದ ದಿನ. ಆ ದಿನ ಗಂಡನೋ ಹೆಂಡತಿಯೋ ಔಷಧಿ ಅಂಗಡಿಗೆ ಓಡಲ್ಲ. ಜೋಡಿಗಳ ಸಲಹೆ ನಿಮಗೆ ಹೊಂದದಿರೋದು ಇದಕ್ಕೇ.

ಮನೆ ನೋಡುವಾಗ ನೆಲಮಹಡಿ ಇರಲಿ, ಇಲ್ಲವೇ ಲಿಫ್ಟ್ ಇರಲಿ. ಸ್ನಾನಕ್ಕೆ ಬಾತ್‌ಟಬ್ ದಾಟಿ ಇಳಿಯಬೇಕಾ, ಸೀದಾ ಶವರಾ ಅಂತ ಕೇಳಿ. ಅದೇ ಕಟ್ಟಡದಲ್ಲಿ ವರ್ಷವಿಡೀ ಇರುವ ಜನ ಇರಬೇಕು. ಚಳಿಗಾಲದಲ್ಲಿ ಎಷ್ಟೋ ಕಡಲತೀರದ ಅಪಾರ್ಟ್‌ಮೆಂಟ್ ಪೂರ್ತಿ ಖಾಲಿ, ಕೂಗಿದರೂ ಕೇಳುವವರಿಲ್ಲ. ಆಸ್ಪತ್ರೆ ಎಷ್ಟು ದೂರ ಅಂತ ನಕ್ಷೆಯಲ್ಲಿ ನೋಡಿ. ಯುರೋಪಿಯನ್ ಒಕ್ಕೂಟದಲ್ಲಿ ಎಲ್ಲ ಕಡೆ ತುರ್ತು ನಂಬರ್ 112. ಮಲೇಷಿಯಾದಲ್ಲಿ 999, ಥಾಯ್ಲೆಂಡ್‌ನಲ್ಲಿ ಆಂಬುಲೆನ್ಸ್‌ಗೆ 1669.

ದಿನಾ ಬೆಳಿಗ್ಗೆ ಒಬ್ಬರಿಗೆ ಮೆಸೇಜ್ ಹಾಕುವ ಏರ್ಪಾಡು ಮಾಡಿಕೊಳ್ಳಿ. ಹತ್ತು ಗಂಟೆಯೊಳಗೆ ಬರದಿದ್ದರೆ ಅವರು ಫೋನ್ ಮಾಡಬೇಕು, ನೀವು ಎತ್ತದಿದ್ದರೆ ಯಾರಿಗೆ ಹೇಳಬೇಕು ಅನ್ನೋದೂ ಅವರ ಕೈಯಲ್ಲಿರಬೇಕು. ಮನೆಯ ಮಾಲೀಕರ ನಂಬರ್, ಪಕ್ಕದ ಮನೆಯ ನಂಬರ್, ವಿಳಾಸ. ಈ ಕೊನೆಯ ಭಾಗವನ್ನು ಜನ ಬಿಟ್ಟುಬಿಡ್ತಾರೆ.

ಇನ್ನು ಬಿಪಿ ಮಾತ್ರೆ. ಇಡೀ ಅವಧಿಗೆ ಸಾಕಾಗುವಷ್ಟು ತಗೊಂಡು ಹೋಗಿ, ಮೂಲ ಪ್ಯಾಕಿನಲ್ಲೇ, ಚೀಟಿ ಸಮೇತ, ಕೈಚೀಲದಲ್ಲಿ. ಬ್ರ್ಯಾಂಡ್ ಹೆಸರು ದೇಶದಿಂದ ದೇಶಕ್ಕೆ ಬದಲಾಗುತ್ತೆ, ಹಾಗಾಗಿ ಔಷಧದ ಮೂಲ ಹೆಸರು ಬರೆಸಿಕೊಳ್ಳಿ. ಬಿಸಿ ಹವೆಯಲ್ಲಿ ಬೆವರಿ ನೀರು ಕಡಿಮೆಯಾದಾಗ ಬಿಪಿ ಮಾತ್ರೆ ಇನ್ನಷ್ಟು ಇಳಿಸುತ್ತೆ, ಎದ್ದ ಕೂಡಲೇ ತಲೆ ಸುತ್ತುತ್ತೆ. ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರಂತೂ ಜಾಸ್ತಿ. ಹೊರಡುವ ಮುಂಚೆ ಡಾಕ್ಟರ ಹತ್ತಿರ ಇದನ್ನೇ ಕೇಳಿ. ಈ ಒಂದು ಕಾರಣಕ್ಕೆ ನಿಮಗೆ ಪೆನಾಂಗ್‌ಗಿಂತ ಕ್ಯಾನರಿ ಮೇಲು ಅಂತ ನನ್ನ ಅಭಿಪ್ರಾಯ.

ಪೆನಾಂಗ್ ಪ್ರೇಮಿ
ಎಸಿ ಅಂತ ಒಂದಿದೆ ಸಿಸ್ಟರ್.

ನಿವೃತ್ತ ನರ್ಸ್
ಇಡೀ ದಿನ ಎಸಿಯಲ್ಲಿ ಕೂರೋದಾದರೆ ಅಷ್ಟು ದೂರ ಹೋಗಿದ್ದು ಯಾಕಪ್ಪಾ? ಜೊತೆಗೆ ಡೆಂಗಿ ಇದೆ. ಅದರ ಸೊಳ್ಳೆ ಕಚ್ಚೋದು ಹಗಲಲ್ಲಿ, ರಾತ್ರಿ ಸೊಳ್ಳೆಪರದೆ ಕಟ್ಟಿದರೆ ಸಾಲದು.

ಮಂಜುಗಡ್ಡೆ
ಮಾತ್ರೆ ಅಂದಾಗ ನೆನಪಾಯ್ತು. ಕೆಲವು ಸಾಮಾನ್ಯ ಮಾತ್ರೆಗೂ ಕೆಲವು ದೇಶದಲ್ಲಿ ತಡೆ ಇದೆ. ಟ್ರಮಡಾಲ್, ಕೊಡೀನ್ ಇರುವ ನೋವಿನ ಮಾತ್ರೆ ಒಯ್ಯೋಕೆ ಯುಎಇಯಲ್ಲಿ ಮೊದಲೇ ಅನುಮತಿ ಬೇಕು. ಸೂಡೋಎಫಿಡ್ರಿನ್ ಇರುವ ಶೀತದ ಮಾತ್ರೆ ಮೆಕ್ಸಿಕೋದಲ್ಲಿ ನಿಷೇಧ.

ನಾನಿರೋದು ಕೆನಡಾದ ಒಂಟಾರಿಯೊದಲ್ಲಿ. ಇಲ್ಲಿಯವರು ಬಹಳ ಜನ ಅಮೆರಿಕದ ದಕ್ಷಿಣಕ್ಕೆ ಹೋಗ್ತಾರೆ. ಸರ್ಕಾರಿ ಆರೋಗ್ಯ ಕಾರ್ಡ್ ಉಳಿಯಬೇಕಾದರೆ 12 ತಿಂಗಳಲ್ಲಿ 153 ದಿನ ನಾವು ಪ್ರಾಂತ್ಯದೊಳಗೆ ಇರಬೇಕು. ಬೇರೆ ಪ್ರಾಂತ್ಯಗಳ ಲೆಕ್ಕ ಬೇರೆ. ಇನ್ನು ಅಮೆರಿಕದ ತೆರಿಗೆಯವರು ಬರೀ ಈ ವರ್ಷ ನೋಡಲ್ಲ. ಈ ವರ್ಷದ ಪೂರ್ತಿ ದಿನ, ಹೋದ ವರ್ಷದ ಮೂರರಲ್ಲಿ ಒಂದು, ಅದರ ಹಿಂದಿನದರ ಆರರಲ್ಲಿ ಒಂದು ಕೂಡಿಸಿ 183 ಮುಟ್ಟಿದರೆ ತೆರಿಗೆಗೆ ನಿಮ್ಮನ್ನು ಅಲ್ಲಿನ ನಿವಾಸಿ ಅಂತ ಎಣಿಸ್ತಾರೆ. ಪ್ರತಿ ವರ್ಷ ನಾಲ್ಕೈದು ತಿಂಗಳು ಹೋಗುವವರು ಹೀಗೇ ಸಿಕ್ಕಿಹಾಕಿಕೊಳ್ಳೋದು.

ಲೆಕ್ಕದ ಮೇಷ್ಟ್ರು
ಬಹಳ ಸರಿ. ಅಂಥವರಿಗೆ 8840 ಅಂತ ಫಾರಂ ಇದೆ. ನನ್ನ ಸಂಬಂಧ ಹೆಚ್ಚು ನನ್ನ ದೇಶದ ಜೊತೆಗೇ ಅಂತ ತೋರಿಸೋಕೆ. ತುಂಬದೆ ಬಿಡಬೇಡಿ.

ಕ್ಲೇಮ್ ಮಾಮ
ಇನ್ಶೂರೆನ್ಸ್ ಕ್ಲೇಮ್ ನೋಡುವ ಕೆಲಸವನ್ನೇ ಮಾಡಿ ನಿವೃತ್ತನಾದವನು ನಾನು. "ಸ್ವಲ್ಪ ಬಿಪಿ, ಬೇರೇನಿಲ್ಲ" ಅನ್ನುವ ಮಾತು ಕೇಳಿದರೆ ಈಗಲೂ ಮೈ ಜುಮ್ ಅನ್ನುತ್ತೆ. ಬಹಳಷ್ಟು ಪ್ರಯಾಣ ಪಾಲಿಸಿಯಲ್ಲಿ ಮೊದಲೇ ಇರುವ ಕಾಯಿಲೆ ಹೊರಡುವ ಮುಂಚೆ ಇಷ್ಟು ದಿನ "ಸ್ಥಿರ"ವಾಗಿರಬೇಕು ಅಂತ ಷರತ್ತು ಇರುತ್ತೆ. 90 ದಿನ, ಕೆಲವದರಲ್ಲಿ 180. ಆ ಅವಧಿಯಲ್ಲಿ ಡಾಕ್ಟರು ಮಾತ್ರೆಯನ್ನು 5ರಿಂದ 10 ಮಿಲಿಗ್ರಾಂ ಮಾಡಿದರೂ ಸ್ಥಿರ ಅಲ್ಲ. ಆಮೇಲೆ ಅಲ್ಲಿ ಪಾರ್ಶ್ವವಾಯು ಹೊಡೆದರೆ ಕಂಪನಿ ಕೈ ಎತ್ತುತ್ತೆ.

ಗೊಣಗಪ್ಪ
10ರಿಂದ 5ಕ್ಕೆ ಇಳಿಸಿದರೆ? ಅದು ಸುಧಾರಿಸಿದ್ದು ಅಲ್ವಾ?

ಕ್ಲೇಮ್ ಮಾಮ
ಎಷ್ಟೋ ಪಾಲಿಸಿಯಲ್ಲಿ ಅದೂ ಬದಲಾವಣೆಯೇ ಸ್ವಾಮಿ. ಪಾಲಿಸಿಯಲ್ಲಿ ಆ ಪದಕ್ಕೆ ಏನು ಅರ್ಥ ಕೊಟ್ಟಿದ್ದಾರೆ ಅಂತ ಓದಬೇಕು. ಎರಡನೆಯದು, ವರ್ಷಪೂರ್ತಿಯ ಪಾಲಿಸಿ ಅಂದರೆ ವರ್ಷಪೂರ್ತಿ ಆಚೆ ಇರಬಹುದು ಅಂತಲ್ಲ. ಒಂದು ಪ್ರಯಾಣಕ್ಕೆ 30 ದಿನವೋ 45 ದಿನವೋ ಅಂತ ಮಿತಿ ಇರುತ್ತೆ. ದೀರ್ಘಾವಧಿಯದ್ದು ಬೇರೆ ತಗೋಬೇಕು. ಅಮೆರಿಕದಲ್ಲಿ ಹಿರಿಯರಿಗಿರುವ ಸರ್ಕಾರಿ ವಿಮೆ ಮೆಡಿಕೇರ್ ಇರುವವರು ಇನ್ನೂ ಜಾಗ್ರತೆ, ಅದು ದೇಶದ ಹೊರಗೆ ಸಾಮಾನ್ಯವಾಗಿ ಏನೂ ಕೊಡಲ್ಲ. ಬ್ರಿಟನ್ನಿನ ಜಿಎಚ್‌ಐಸಿ ಅನ್ನುವ ಸರ್ಕಾರಿ ಆರೋಗ್ಯ ಕಾರ್ಡ್ ಸ್ಪೇನ್‌ನ ಸರ್ಕಾರಿ ಆಸ್ಪತ್ರೆಯಲ್ಲಿ ನಡೆಯುತ್ತೆ. ಆದರೆ ಮಲಗಿಸಿಕೊಂಡು ವಿಮಾನದಲ್ಲಿ ವಾಪಸ್ ಕರೆತರುವ ಖರ್ಚು ಅದು ಕೊಡಲ್ಲ. ಒಂಟಿಯಾಗಿ ಹೋಗುವವರಿಗೆ ಬೇಕಾದದ್ದೇ ಅದು.

ಬೆಕ್ಕಿನ ಮನೆ
ಮಧ್ಯೆ ಬಾಯಿ ಹಾಕ್ತಿದ್ದೀನಿ. ನಂದೂ ಇದೇ ಆಸೆ, ಆದರೆ ಬೆಕ್ಕು ಇದೆ. ಏನು ಮಾಡೋದು?

ಹಳೇ ಬ್ಯಾಕ್‌ಪ್ಯಾಕ್
ಯುರೋಪಿಗಾದರೆ ಮೈಕ್ರೋಚಿಪ್, ರೇಬೀಸ್ ಲಸಿಕೆ, ಲಸಿಕೆ ಹಾಕಿ 21 ದಿನ ಆಗಿರಬೇಕು. ಕೆಲವು ದೇಶಗಳಿಂದ ಬರುವುದಾದರೆ ರಕ್ತಪರೀಕ್ಷೆ ಮಾಡಿಸಿ ಅದರ ಮೇಲೆ ಮೂರು ತಿಂಗಳು ಕಾಯಬೇಕು. ಅಷ್ಟರಲ್ಲಿ ಚಳಿಗಾಲವೇ ಮುಗಿದಿರುತ್ತೆ.

ಕೀಲಿಕೈ
ಬೆಕ್ಕನ್ನು ಮನೆಯಲ್ಲೇ ಬಿಡಿ, ನೋಡಿಕೊಳ್ಳೋಕೆ ಯಾರನ್ನಾದರೂ ಮನೆಯಲ್ಲೇ ಇರಿಸಿ. ಮನೆ ಖಾಲಿ ಬಿಡುವ ತಲೆನೋವೂ ತಪ್ಪುತ್ತೆ. ಮನೆಯ ಇನ್ಶೂರೆನ್ಸ್‌ನಲ್ಲಿ ಇಷ್ಟು ದಿನಕ್ಕಿಂತ ಹೆಚ್ಚು ಖಾಲಿ ಇದ್ದರೆ ಪರಿಹಾರ ಇಲ್ಲ ಅಂತ ಇರುತ್ತೆ, 30 ಅಥವಾ 60 ದಿನ. ಯಾರಾದರೂ ಬಂದು ನೋಡಿಕೊಂಡು ಹೋಗಬೇಕು ಅನ್ನೋದೂ ಇರುತ್ತೆ. ನೋಡಿದ ದಿನ ಬರೆದಿಡಿ, ಒಂದು ಫೋಟೋ ಹೊಡೆದಿಡಿ.

ಮನೆ ಖಾಲಿಯೇ ಬಿಡೋದಾದರೆ ಹೊರಡುವ ದಿನ ಮುಖ್ಯ ನೀರಿನ ವಾಲ್ವ್ ಮುಚ್ಚಿ, ಎಲ್ಲ ನಲ್ಲಿ ತೆರೆದು ಪೈಪ್ ಖಾಲಿ ಮಾಡಿ. ಹೀಟಿಂಗ್ ಪೂರ್ತಿ ಆರಿಸಬೇಡಿ, ಕಡಿಮೆಯಲ್ಲಿಡಿ. ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತೆ, ಪೈಪ್ ಒಡೆಯುತ್ತೆ. ಆದರೆ ಗೊತ್ತಾಗೋದು ಕರಗಿದ ಮೇಲೆ. ನಮ್ಮ ಎದುರು ಮನೆಯಲ್ಲಿ ಹೀಗಾಗಿ ಹಾಲ್‌ನ ಸೀಲಿಂಗ್ ಸೋಫಾ ಮೇಲೆ ಬಿದ್ದಿತ್ತು.

ಬೆಕ್ಕಿನ ಮನೆ
ಅಪರಿಚಿತರ ಹತ್ತಿರ ನನ್ನ ಬೆಕ್ಕು ಇರಲ್ಲ.

ಗೊಣಗಪ್ಪ
ಬೆಕ್ಕಿಗೆ ಮನೆ ಮುಖ್ಯ, ನೀವಲ್ಲ. ಊಟ ಹಾಕುವವರು ಯಾರಾದರೇನು.

ಬೆಕ್ಕಿನ ಮನೆ
ನೀವು ಬೆಕ್ಕು ಸಾಕಿಲ್ಲ ಅಂತ ಗೊತ್ತಾಯ್ತು ಬಿಡಿ.

ಬಿಸಿಲುಕೋಲು
ಇಷ್ಟೆಲ್ಲ ಬರೆದದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ನರ್ಸ್ ಮೇಡಂ ಬರೆದದ್ದನ್ನು ಪ್ರಿಂಟ್ ತೆಗೆದುಕೊಂಡೆ. ಇನ್ನೊಂದು ಕೇಳ್ತೀನಿ, ನಗಬೇಡಿ. ಬೇಜಾರಾಗಲ್ವಾ? ಇಲ್ಲಿ ಒಬ್ಬಳೇ ಇದ್ದರೂ ಗೊತ್ತಿರುವ ಮುಖಗಳಿವೆ.

ಅಲೆಮಾರಿ ಅಜ್ಜ
ಆಗುತ್ತೆ. ಮೊದಲ ವಾರ ಎಲ್ಲ ಹೊಸದು, ಗೊತ್ತಾಗಲ್ಲ. ಮೂರನೇ ವಾರದ ಹೊತ್ತಿಗೆ ಸಂಜೆ ಕಷ್ಟ. ಹೋಟೆಲಿಗೆ ಹೋದರೆ "ಒಬ್ಬರೇನಾ?" ಅಂತ ಕೇಳಿ ಬಾಗಿಲ ಪಕ್ಕದ ಟೇಬಲ್ ತೋರಿಸ್ತಾರೆ. ನಾನು ಮಧ್ಯಾಹ್ನದ ಊಟ ಹೊರಗೆ ಮಾಡ್ತೀನಿ, ರಾತ್ರಿ ಮನೆಯಲ್ಲಿ. ಮಧ್ಯಾಹ್ನ ಒಂಟಿಯಾಗಿ ಕೂತವರು ಬಹಳ ಜನ ಇರ್ತಾರೆ.

ಪ್ರತಿ ವರ್ಷ ಅದೇ ಊರು, ಸಾಧ್ಯವಾದರೆ ಅದೇ ಮನೆ. ಜೋಡಿಗಳು ವರ್ಷಕ್ಕೊಂದು ದೇಶ ನೋಡಲಿ, ಅವರಿಗೆ ಮಾತಾಡೋಕೆ ಜೊತೆ ಇದೆ. ನಮಗೆ ಎರಡನೇ ವರ್ಷ ಔಷಧಿ ಅಂಗಡಿಯವಳು ಗುರುತು ಹಿಡಿದು ಮಾತಾಡಿಸಿದರೆ ಅದೇ ದೊಡ್ಡದು. ಬೆಂಚಿನ ಮೇಲೆ ಕೂತು ಯಾರಾದರೂ ಮಾತಾಡಿಸಲಿ ಅಂತ ಕಾಯಬೇಡಿ, ಪ್ರತಿ ವಾರ ಅದೇ ದಿನ, ಅದೇ ಹೊತ್ತಿಗೆ ಸೇರುವ ಗುಂಪು ಹುಡುಕಿ. ನಡಿಗೆ, ಇಸ್ಪೀಟು, ಸ್ಪ್ಯಾನಿಷ್ ತರಗತಿ ಯಾವುದಾದರೂ ಸರಿ.

ಸೂಟ್‌ಕೇಸ್ ಸುಂದರಿ
ಯು3ಎ (ಯೂನಿವರ್ಸಿಟಿ ಆಫ್ ದ ಥರ್ಡ್ ಏಜ್) ನೋಡಿ. ನಿವೃತ್ತರೇ ನಿವೃತ್ತರಿಗೆ ಕಲಿಸುವ ಗುಂಪು. 1973ರಲ್ಲಿ ಫ್ರಾನ್ಸ್‌ನ ತುಲೂಸ್‌ನಲ್ಲಿ ಶುರುವಾದ ವಿಚಾರ. ಸ್ಪೇನ್‌ನ ಕಡಲತೀರದ ಊರುಗಳಲ್ಲಿ ಇಂಗ್ಲಿಷ್ ಮಾತಾಡುವವರ ಶಾಖೆಗಳಿವೆ. ಚಳಿಗಾಲದಲ್ಲಿ ಬೆನಿಡಾರ್ಮ್ ಕಡೆ ಹೋದರೆ ಸ್ಪೇನ್‌ನ ಅಜ್ಜ ಅಜ್ಜಿಯರೇ ತುಂಬಿರ್ತಾರೆ. ಅಲ್ಲಿನ ಸರ್ಕಾರ 1985ರಿಂದ ಹಿರಿಯರಿಗೆ ಸೀಸನ್ ಇಲ್ಲದಾಗ ಕಡಿಮೆ ದರದಲ್ಲಿ ಪ್ರವಾಸ ಕಳಿಸುತ್ತೆ. ಹೋಟೆಲ್‌ಗಳೂ ಮುಚ್ಚಲ್ಲ, ಅವರಿಗೂ ಹವೆ ಬದಲಾಗುತ್ತೆ.

ಹೆಂಗಸರಿಗೆ ಒಂದು ಮಾತು. ಟ್ಯಾಕ್ಸಿಯವನು ಕೇಳಿದರೆ "ಒಬ್ಬಳೇ ಇದ್ದೀನಿ" ಅನ್ನಬೇಡಿ, ಗೆಳತಿ ಕಾಯ್ತಿದ್ದಾಳೆ ಅನ್ನಿ. ತುಂಬಾ ಸಿಹಿಯಾಗಿ ಮಾತಾಡುವ ಹೊಸ ಗೆಳೆಯ ದುಡ್ಡಿನ ಮಾತು ತೆಗೆದ ದಿನ ನಂಬರ್ ಬ್ಲಾಕ್ ಮಾಡಿ.

ಅಲೆಮಾರಿ ಅಜ್ಜ
ಗಂಡಸರಿಗೂ ಇದು ಅನ್ವಯಿಸುತ್ತೆ. ಜಾಸ್ತಿನೇ ಅನ್ವಯಿಸುತ್ತೆ.

ಮಂಜುಗಡ್ಡೆ
ಓಟಿಪಿ ಬಗ್ಗೆ ಯಾರೂ ಹೇಳಿಲ್ಲ. ಬ್ಯಾಂಕಿನ ಓಟಿಪಿ ಬರೋದು ಊರಿನ ಸಿಮ್‌ಗೆ. ಅದನ್ನು ತೆಗೆದು ಡ್ರಾಯರಿನಲ್ಲಿಟ್ಟು ಬರಬೇಡಿ. ಫೋನಿನಲ್ಲಿ ಊರಿನ ಸಿಮ್ ಮೆಸೇಜಿಗೆ, ಅಲ್ಲಿನ ಇ-ಸಿಮ್ ಡೇಟಾಗೆ. ನನ್ನ ಕಾರ್ಡನ್ನು ಒಂದು ಬ್ಯಾಂಕು ಅನುಮಾನ ಅಂತ ಲಾಕ್ ಮಾಡಿತ್ತು. ತೆರೆಸೋಕೆ ಫೋನ್ ಮಾಡಿದರೆ ಓಟಿಪಿ ಹೇಳಿ ಅಂತಾರೆ, ಓಟಿಪಿ ಬರೋ ಸಿಮ್ ಆಫ್. ಎರಡು ಬೇರೆ ಬೇರೆ ಬ್ಯಾಂಕಿನ ಕಾರ್ಡ್ ಇರಲಿ, ಬೇರೆ ಬೇರೆ ಜಾಗದಲ್ಲಿ ಇಡಿ.

ದಕ್ಷಿಣಾಯನ
ಕತ್ತಲೆ ನಿಮ್ಮ ಸಮಸ್ಯೆ ಆದರೆ ದಕ್ಷಿಣ ಗೋಳಾರ್ಧ ಯಾಕೆ ನೋಡಬಾರದು? ಡಿಸೆಂಬರ್‌ನಲ್ಲಿ ಕ್ಯಾನರಿಯಲ್ಲಿ ಹಗಲು ಹತ್ತೂವರೆ ಗಂಟೆ, ಪೆನಾಂಗ್‌ನಲ್ಲಿ ಹನ್ನೆರಡು. ಕೇಪ್ ಟೌನ್‌ನಲ್ಲಿ ಹದಿನಾಲ್ಕು ಗಂಟೆಗೂ ಜಾಸ್ತಿ, ಮಳೆಯೂ ಇಲ್ಲ.

ನಿವೃತ್ತ ನರ್ಸ್
ಅಲ್ಲಿ ಒಬ್ಬರೇ ನಡೆದಾಡೋಕೆ ಎಲ್ಲ ಕಡೆ ಧೈರ್ಯ ಸಾಲಲ್ಲ. ಅಕ್ಕ ಹೋಗ್ತಿರೋದೇ ನಡೆದಾಡೋಕೆ.

ಬಿಸಿಲುಕೋಲು
ಸರಿ, ತೀರ್ಮಾನ ಮಾಡಿದೆ. ಡಿಸೆಂಬರ್ ಇಲ್ಲೇ ಕಳೀತೀನಿ. ಜನವರಿ 5ರಿಂದ ಮಾರ್ಚ್ 31, ಗ್ರಾನ್ ಕನಾರಿಯಾದ ದಕ್ಷಿಣ. 86 ದಿನ. ಮೇಷ್ಟ್ರೇ, ಪಾಸಾ?

ಲೆಕ್ಕದ ಮೇಷ್ಟ್ರು
ಅದಕ್ಕೂ ಮುಂಚೆ ಯುರೋಪಿಗೆ ಹೋಗೋದಿದೆಯಾ?

ಬಿಸಿಲುಕೋಲು
ಅಕ್ಟೋಬರ್ ಮಧ್ಯದಲ್ಲಿ ಜರ್ಮನಿಯಲ್ಲಿ ಒಂದು ಮದುವೆ. ಹತ್ತು ದಿನ.

ಲೆಕ್ಕದ ಮೇಷ್ಟ್ರು
ನೋಡಿದ್ರಾ. ಮಾರ್ಚ್ 31ರಿಂದ 180 ದಿನ ಹಿಂದಕ್ಕೆ ಎಣಿಸಿದರೆ ಅಕ್ಟೋಬರ್ 3. ಮದುವೆಯ ಹತ್ತು ದಿನ ಅದರೊಳಗೇ ಬರುತ್ತೆ. 96 ಆಯ್ತು. ನಿಮಗೆ ಉಳಿಯೋದು 80, ಅಂದರೆ ಕೊನೆಯ ದಿನ ಮಾರ್ಚ್ 25. ವಿಮಾನ ರದ್ದಾದರೆ ಅಂತ ಎರಡು ದಿನ ಕೈಯಲ್ಲಿಟ್ಟುಕೊಂಡು 23ಕ್ಕೆ ಹೊರಡಿ.

ಕ್ಲೇಮ್ ಮಾಮ
ಬಿಪಿ ಮಾತ್ರೆ ಬದಲಾಯಿಸೋದಿದ್ದರೆ ಡಾಕ್ಟರ ಹತ್ತಿರ ಈಗಲೇ ಮಾತಾಡಿ. ಡಿಸೆಂಬರ್‌ನಲ್ಲಿ ಬೇಡ.

ಬಿಸಿಲುಕೋಲು
23ಕ್ಕೇ ಟಿಕೆಟ್ ನೋಡ್ತಿದ್ದೀನಿ. ಮನೆಯೂ ಒಂದು ಸಿಕ್ಕಿದೆ, ಎರಡನೇ ಮಹಡಿ. ಲಿಫ್ಟ್ ಇದೆ ಅಂತಾರೆ, ಫೋಟೋ ಮಾತ್ರ ಕಳಿಸ್ತಿಲ್ಲ. ಮುಂಗಡ ಕೇಳ್ತಿದ್ದಾರೆ.

ಸೂಟ್‌ಕೇಸ್ ಸುಂದರಿ
ಫೋಟೋನೂ ಬೇಡ. ವಿಡಿಯೋ ಕಾಲ್‌ನಲ್ಲಿ ಬೀದಿ ಬಾಗಿಲಿನಿಂದ ಲಿಫ್ಟ್ ಹತ್ತಿ ಮನೆಯೊಳಗೆ ಹೋಗಿ ತೋರಿಸಿ ಅನ್ನಿ. ಅಲ್ಲಿಯವರೆಗೆ ಒಂದು ಕಾಸೂ ಕಳಿಸಬೇಡಿ.